ಒಲ್ಲೆ ಎನ್ನುವ ಹಕ್ಕು

ಯಾದಗಿರಿ ಜಿಲ್ಲೆ ಶಹಾಪುರ ತಾಲ್ಲೂಕಿನ ಗೋಗಿ, ಬಿಜಾಪುರದ ಮೊದಮೊದಲ ಆದಿಲ್‌ಶಾಹಿ ಸುಲ್ತಾನರು ಮಣ್ಣಾದ ಊರು. ಆ ಮಣ್ಣಿನಡಿ ಯುರೇನಿಯಂ ಇದೆಯೆಂದು ಗೊತ್ತಾದ ಮೇಲೆ ಪ್ರಾಯೋಗಿಕವಾಗಿ ಸುರಂಗ ತೋಡಿದ್ದಾಯಿತು, ಗಣಿಯ ಯೋಜನೆಯೂ ಬಂತು. ಬೋರಿನ ನೀರು ಕೆಟ್ಟೀತು, ಹತ್ತಿ ತೊಗರಿ ಬೆಳೆಯುವ ಹೊಲ ಹೋದೀತು ಎಂದು ಊರವರು ಪ್ರತಿಭಟನೆಗಿಳಿದರು. ದೇಶಕ್ಕೆ ಬೇಕಾದ ಖನಿಜದ ಮೇಲೆ ಬದುಕುವವರಿಗೆ ‘ಒಲ್ಲೆವು’ ಎನ್ನುವ ಹಕ್ಕಿದೆಯೇ? ಇರಬೇಕು, ಯುರೇನಿಯಂ ಆದರೆ ಇನ್ನೂ ಹೆಚ್ಚಾಗಿ ಇರಬೇಕು. ನಮ್ಮ ದೇಶದ ಅದಿರಿನಲ್ಲಿ ಸಾವಿರ ಕಿಲೋಗೆ ಒಂದೆರಡು ಕಿಲೋ ಯುರೇನಿಯಂ ಸಿಕ್ಕರೆ ಅದೇ ದೊಡ್ಡದು. ಉಳಿದದ್ದೆಲ್ಲ ಪುಡಿಯಾಗಿ, ಕೆಸರಾಗಿ, ಊರ ಪಕ್ಕದ ಕಟ್ಟೆಯಲ್ಲಿ ನಿಲ್ಲುತ್ತದೆ. ಅದಿರಿನ ವಿಕಿರಣದಲ್ಲಿ ಸುಮಾರು ಶೇ. 85 ಉಳಿಯುವುದು ಆ ಕೆಸರಿನಲ್ಲೇ. ಅದರಲ್ಲಿರುವ ರೇಡಿಯಂ ಅರ್ಧದಷ್ಟು ಕರಗಲು 1,600 ವರ್ಷ ಬೇಕು. ಅಷ್ಟು ಕಾಲ ಆ ಕಟ್ಟೆಯನ್ನು ಕಾಯುತ್ತೇವೆಂದು ಯಾವ ಕಂಪನಿ ಬರೆದುಕೊಟ್ಟೀತು?

ಹಾಗಾದರೆ ಅಣುವಿದ್ಯುತ್ ಬೇಡವೇ ಎಂಬ ಪ್ರಶ್ನೆ ಟೊಳ್ಳಲ್ಲ. ಕೈಗಾದ ಘಟಕಗಳು ನಡೆಯುವುದೇ ದೇಶೀಯ ಯುರೇನಿಯಂ ಮೇಲೆ. ಆದರೆ ಅಗತ್ಯವಿದ್ದವರು ಬಂದು ಕೇಳಬೇಕು, ಒಪ್ಪಿಸಬೇಕು; ಅಗತ್ಯವಿದೆ ಎಂಬುದೇ ಕೇಳದಿರಲು ನೆಪವಾಗಬಾರದು. ಪರಿಹಾರ ಕೊಟ್ಟರೆ ಮುಗಿಯಿತಲ್ಲ ಎನ್ನುವವರು ಪುಣೆ ಬಳಿಯ ನಿಗಡಿಯ ಪ್ರಾಧಿಕರಣ ಬಡಾವಣೆಯನ್ನೇ ನೋಡಲಿ. 1972ರಲ್ಲಿ ಹುಟ್ಟಿದ ಆ ಹೊಸ ಊರಿಗೆ ಹೊಲ ಬಿಟ್ಟುಕೊಟ್ಟ ರೈತರು, ಶೇ. 12.5ರಷ್ಟು ಜಾಗ ಮರಳಿ ಕೊಡಿ ಎಂದು ದಶಕಗಟ್ಟಲೆ ಅಲೆದರು. ಅಲ್ಲಿ ಎದ್ದದ್ದು ಮನೆ, ರಸ್ತೆ, ಶಾಲೆ. ಅಂಥ ಕಡೆಯೇ ಲೆಕ್ಕ ಚುಕ್ತಾ ಆಗಲಿಲ್ಲ. ವಿಕಿರಣದ ಕೆಸರು ಬಿಟ್ಟುಹೋಗುವ ಕಡೆ ಆದೀತೇ? ಇನ್ನು ‘ಹೊರಗಿನವರು ಎತ್ತಿಕಟ್ಟುತ್ತಾರೆ’ ಎಂಬ ಹಳೆಯ ರಾಗ. ಗಣಿ ತೋಡಲು ಬರುವವರು ಒಳಗಿನವರೇನೂ ಅಲ್ಲವಲ್ಲ.

ಒಲ್ಲೆವು ಎಂದವರ ಮಾತು ನಡೆದದ್ದೂ ಉಂಟು. ಯುರೇನಿಯಂ ಗಣಿ ಬರಲಿದ್ದ ಆಸ್ಟ್ರೇಲಿಯಾದ ಜಬಿಲುಕಾದಲ್ಲಿ ಮಿರಾರ್ ಮೂಲನಿವಾಸಿಗಳ ಹಿರಿಯೆ ಇವಾನ್ ಮಾರ್ಗರುಲಾ 1998ರಲ್ಲಿ ತಮ್ಮದೇ ನೆಲದಲ್ಲಿ ಅತಿಕ್ರಮ ಪ್ರವೇಶದ ಆರೋಪದ ಮೇಲೆ ಬಂಧನಕ್ಕೊಳಗಾದರು. ಆ ವರ್ಷ ಸಾವಿರಾರು ಜನ ತಿಂಗಳುಗಟ್ಟಲೆ ಗಣಿಯ ದಾರಿಗೆ ಅಡ್ಡ ನಿಂತರು. 2024ರಲ್ಲಿ ಗುತ್ತಿಗೆಯ ನವೀಕರಣವನ್ನೇ ಸರ್ಕಾರ ನಿರಾಕರಿಸಿತು. ಆ ದೇಶವೇನೂ ಮುಳುಗಲಿಲ್ಲ. ನಮ್ಮಲ್ಲೂ 2013ರಲ್ಲಿ ಒಡಿಶಾದ ನಿಯಮಗಿರಿಯ 12 ಗ್ರಾಮಸಭೆಗಳು ಬಾಕ್ಸೈಟ್ ಗಣಿ ಬೇಡವೆಂದವು, ಆ ಮಾತು ನಡೆಯಿತು. ಆ ಗ್ರಾಮಸಭೆಗಳಿಗಿದ್ದ ಕಾನೂನಿನ ಬಲ ಗೋಗಿಗಿಲ್ಲ. ಬುಡಕಟ್ಟು ಪ್ರದೇಶಗಳನ್ನು ಕಾಯುವ ಸಂವಿಧಾನದ ಐದನೇ ಅನುಸೂಚಿಯಲ್ಲಿ ಕರ್ನಾಟಕವಿಲ್ಲ, ಹೊಲದ ರೈತರಿಗೆ ಅರಣ್ಯ ಹಕ್ಕಿನ ಕಾಯ್ದೆಯೂ ಒದಗುವುದಿಲ್ಲ. ಅವರಿಗಿದ್ದದ್ದು ಸಾರ್ವಜನಿಕ ಅಹವಾಲು ಸಭೆಯೊಂದೇ. ಅಣುಖನಿಜಗಳ ಗಣಿಗಾರಿಕೆಗೆ ಅದೂ ಬೇಕಿಲ್ಲವೆಂದು ಕೇಂದ್ರ ಪರಿಸರ ಸಚಿವಾಲಯ 2025ರ ಸೆಪ್ಟೆಂಬರ್‌ನಲ್ಲಿ ಸುತ್ತೋಲೆ ಹೊರಡಿಸಿತು. ಆ ಸುತ್ತೋಲೆ ಹಿಂದಕ್ಕೆ ಹೋಗಲೇಬೇಕು. ಕಲ್ಯಾಣ ಕರ್ನಾಟಕದ ಸಂಸದರು ಇದನ್ನು ಲೋಕಸಭೆಯಲ್ಲಿ ಎತ್ತಲಿ.