ಕಲ್ಲು ಮತ್ತೆ ಬೆಳೆಯದು

ಹುಣಸೆ, ನಿಂಬೆ, ಪುನರ್ಪುಳಿಗಳಿಲ್ಲದೆ ಫರಂಗಿಪೇಟೆಯ ಅಡುಗೆ ಸಾಗದು. ಅಡುಗೆಕಟ್ಟೆಗೆ ಹಾಸಿದ ಅಮೃತಶಿಲೆ ಹಾಗೂ ಕಡಪ ಕಲ್ಲಿನಲ್ಲಿರುವ ಸುಣ್ಣದ ಅಂಶವನ್ನು ಈ ಹುಳಿ ತಿನ್ನುತ್ತದೆ. ಹೊಳಪು ಅಳಿದು ಕಲೆ ಉಳಿಯುತ್ತದೆ. ಗ್ರಾನೈಟಿಗೆ ಆ ಭಯ ಕಡಿಮೆ. ಕೊಳ್ಳುವ ಮುನ್ನ ಮಾದರಿ ತುಂಡಿನ ಮೇಲೆ ನಿಂಬೆರಸ ಹನಿಸಿ ಸ್ವಲ್ಪ ಹೊತ್ತು ಬಿಡಬೇಕು. ಹೊಳಪು ಮಾಸಿದರೆ ಅದು ಹುಳಿಗೆ ಒಗ್ಗದ ಕಲ್ಲು. ಎಣ್ಣೆ ಚೆಲ್ಲಿದರೆ ಕೂಡಲೇ ಒರೆಸಬೇಕು. ತೊಳೆಯಲು ಸೌಮ್ಯ ಸಾಬೂನು ಸಾಕು, ಆಸಿಡ್ ಸಲ್ಲದು.

ಶಿಲೆಯ ಬಾಳಿಕೆಗೆ 1432ರಲ್ಲಿ ಪ್ರತಿಷ್ಠಾಪನೆಗೊಂಡು ಇಂದಿಗೂ ಮಳೆಗಾಳಿಗೆ ಮೈಯೊಡ್ಡಿ ನಿಂತ ಕಾರ್ಕಳದ ಗೊಮ್ಮಟನೇ ಸಾಕ್ಷಿ. ಅಂಥ ಶಿಲೆಯನ್ನು ಹತ್ತೇ ವರ್ಷಕ್ಕೆ ಕಿತ್ತೆಸೆದು ಹೊಸದನ್ನು ತರುವುದೆಂದರೆ ಎಲ್ಲೋ ಇನ್ನೊಂದು ಗುಡ್ಡವನ್ನು ಬಗೆದಂತೆ. ಕಡಿದ ತೋಟ ಮತ್ತೆ ಎದ್ದೀತು. ಬಗೆದ ಗುಡ್ಡ ಎಂದಿಗೂ ಬೆಳೆಯದು. ಅಡುಗೆಮನೆಯಲ್ಲಿ ಜೋಪಾನವಾದ ಕಲ್ಲು ಗುಡ್ಡದ ಆಯುಷ್ಯವನ್ನೂ ಕಾಯುತ್ತದೆ.