ಸರ್ವರ್ ಊರಿಗೆ ಬಂತು, ಬೀಗದ ಕೈ ಯಾರ ಬಳಿ?

ನಜರ್‌ಬಾದ್‌ನಲ್ಲಿ ಕುಪ್ಪಣ್ಣ ಪಾರ್ಕಿನ ಹತ್ತಿರ ನಾನು ದಿನಾ ಟೀ ಕುಡಿಯುವ ಅಂಗಡಿಯಲ್ಲಿ 2025ರ ಜುಲೈನಲ್ಲಿ ಕ್ಯೂಆರ್ ಕೋಡಿನ ಮೇಲೆ ಒಂದು ರಟ್ಟು ಬಂದು ಕೂತಿತು: ‘ಕ್ಯಾಶ್ ಮಾತ್ರ’.

“ನೋಟಿಸ್ ಬಂತಾ ಅಣ್ಣ?”

“ಇಲ್ಲ ಕಣಮ್ಮ. ಬರೋಕ್ ಮುಂಚೇನೇ ಮುಚ್ಬಿಟ್ಟೆ.”

ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ತರಿಸಿಕೊಂಡು ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳಿಗೆ ನೋಟಿಸ್ ಕಳಿಸುತ್ತಿದ್ದ ದಿನಗಳವು. ಆ ರಟ್ಟು ಕಂಡಾಗಲೆಲ್ಲ ನನಗೆ ನೆನಪಾಗುವುದು ರಿಸರ್ವ್ ಬ್ಯಾಂಕಿನ 2018ರ ಏಪ್ರಿಲ್ 6ರ ಸುತ್ತೋಲೆ. ಪಾವತಿಗೆ ಸಂಬಂಧಿಸಿದ ಅಷ್ಟೂ ದತ್ತಾಂಶ ಭಾರತದೊಳಗೇ ಇರಬೇಕು, ಆರು ತಿಂಗಳಲ್ಲಿ ಸರ್ವರ್ ತನ್ನಿ ಎಂದಿತ್ತು ಅದು. ವಿದೇಶಿ ಕಂಪನಿಗಳು ಗೊಣಗಿದವು. ಮಾಸ್ಟರ್‌ಕಾರ್ಡ್ ಮಾತು ಕೇಳದ್ದಕ್ಕೆ 2021ರ ಜುಲೈನಿಂದ ಸುಮಾರು ಒಂದು ವರ್ಷ ಹೊಸ ಗ್ರಾಹಕರನ್ನು ಸೇರಿಸಿಕೊಳ್ಳುವಂತಿರಲಿಲ್ಲ. ಹಾಸ್ಟೆಲಿನಲ್ಲಿ ನಾವು ಇದನ್ನು ಹೊಸ ಸ್ವದೇಶಿ ಚಳವಳಿ ಎಂದೇ ಸಂಭ್ರಮಿಸಿದ್ದೆವು.

ಆ ಆದೇಶ ತಪ್ಪೆಂದು ಈಗಲೂ ಹೇಳಲಾರೆ. ನಮ್ಮೂರಿನ ಟೀ ಲೆಕ್ಕ ಇನ್ಯಾವುದೋ ದೇಶದ ಕಾನೂನಿನ ಕೈಗೆ ಸಿಗಬೇಕಾಗಿಲ್ಲ. ಆದರೆ ಸರ್ವರ್ ಬಂದದ್ದನ್ನೇ ಸ್ವರಾಜ್ಯ ಬಂತು ಎನ್ನುವವರು ಆ ಸುತ್ತೋಲೆಯನ್ನೊಮ್ಮೆ ಓದಬೇಕು. ಅದು ಕೊಡುವ ಕಾರಣ ಒಂದೇ: ರಿಸರ್ವ್ ಬ್ಯಾಂಕಿಗೆ ಅಡೆತಡೆಯಿಲ್ಲದ ಮೇಲ್ವಿಚಾರಣೆ ಬೇಕು. ಟೀ ಅಂಗಡಿಯವರಿಗೆ ಏನು ಹಕ್ಕು ಎಂಬುದು ಅದರ ವಿಷಯವೇ ಅಲ್ಲ.

ಹಸ್ತಪ್ರತಿಗಳ ಹಿಂದೆ ಅಲೆಯುವ ನನ್ನಂಥವರಿಗೆ ಇದು ಬೇಗ ಅರ್ಥವಾಗುತ್ತದೆ. ಓಲೆಗರಿ ಲಂಡನ್ನಿನಲ್ಲಿದೆಯೋ ಮೈಸೂರಿನಲ್ಲಿದೆಯೋ ಎನ್ನುವುದಕ್ಕಿಂತ, ಕಪಾಟು ತೆಗೆಯಲು ಯಾರ ಸಹಿ ಬೇಕು ಎನ್ನುವುದೇ ದೊಡ್ಡ ಪ್ರಶ್ನೆ. (ಊರಲ್ಲೇ ಇರುವ ಒಂದು ಕಟ್ಟಿಗಾಗಿ ಮೂರು ಅರ್ಜಿ ಹಾಕಿದ್ದೇನೆ. ಕಾಯುತ್ತಿದ್ದೇನೆ.)

ಅಣ್ಣನ ಹತ್ತಿರ ಇನ್ನೂ ಒಂದು ಉದ್ದರಿ ಪುಸ್ತಕವಿದೆ. ಅವರದೇ ಅಕ್ಷರ. ಯಾರ ಹೆಸರಿನ ಮುಂದಿನ ಮೊತ್ತ ವ್ಯಾಪಾರದ್ದು, ಯಾವುದು ಚೀಟಿ ದುಡ್ಡು, ಯಾವುದು ಬಾಮೈದ ವಾಪಸ್ ಕೊಟ್ಟ ಸಾಲ, ಎಲ್ಲ ಅವರು ಹೇಳಬಲ್ಲರು. ಸರ್ವರಿಗೆ ಗೊತ್ತಿರುವುದು ದುಡ್ಡು ಬಂತು ಎಂಬುದಷ್ಟೇ. ಹಾಲು, ತಾಜಾ ತರಕಾರಿಗೆ ತೆರಿಗೆಯೇ ಇಲ್ಲವೆಂಬುದೂ ಅದರ ಲೆಕ್ಕದಲ್ಲಿಲ್ಲ. ಆ್ಯಪ್ ತೆರೆದರೆ ಎಲ್ಲ ಕಾಣುತ್ತದಲ್ಲ ಎನ್ನಬಹುದು. ಬಂದ ದುಡ್ಡು ಕಾಣುತ್ತದೆ. ಆ ಲೆಕ್ಕವನ್ನು ಯಾರು, ಯಾವತ್ತು, ಯಾತಕ್ಕೆ ತರಿಸಿ ನೋಡಿದರು ಎಂಬುದು ಕಾಣುವುದಿಲ್ಲ.

ಹಾಗಾದರೆ ತೆರಿಗೆ ಕಟ್ಟದವರ ಪರವೇ ಎಂದು ಗೆಳೆಯನೊಬ್ಬ ಕೇಳಿದ. ಅಲ್ಲ. ಸರಕು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ, ಸೇವೆಯಾದರೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಆಗಬೇಕು, ನಿಜ. ಆದರೆ ನಾಲ್ಕು ವರ್ಷ ಸುಮ್ಮನೆ ಕೂಡಿಟ್ಟ ಲೆಕ್ಕವನ್ನು ಒಂದೇ ದಿನ ತಲೆಯ ಮೇಲೆ ಸುರಿದರೆ ಚಿಕ್ಕ ಅಂಗಡಿ ತಡೆದೀತೇ? ಜುಲೈ 23ರಂದು ಮುಖ್ಯಮಂತ್ರಿಗಳು ವರ್ತಕರನ್ನು ಕರೆಸಿ, ನೋಂದಣಿ ಮಾಡಿಸಿಕೊಳ್ಳಿ, ಹಳೆಯ ಬಾಕಿ ಕೇಳುವುದಿಲ್ಲ ಎಂದರು. ಒಳ್ಳೆಯದೇ. ಆದರೆ ಅದು ದೊಡ್ಡ ಮನಸ್ಸು ಮಾಡಿ ಬಿಟ್ಟದ್ದು, ಅಂಗಡಿಯವರ ಹಕ್ಕೆಂದು ಕೊಟ್ಟದ್ದಲ್ಲ. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲೂ ಕೇಂದ್ರ ಸರ್ಕಾರ ತನಗೆ ಬೇಕಾದ ಸರ್ಕಾರಿ ಸಂಸ್ಥೆಗೆ ಒಂದು ಅಧಿಸೂಚನೆಯಿಂದ ವಿನಾಯಿತಿ ಕೊಡಬಹುದು.

ಸರ್ವರ್ ತರಿಸಲು ಆರು ತಿಂಗಳ ಗಡುವು ಕೊಟ್ಟವರಿಗೆ ಇನ್ನೆರಡು ಸಾಲು ಬರೆಯುವುದು ಕಷ್ಟವಲ್ಲ. ಲೆಕ್ಕ ತರಿಸಿಕೊಂಡ ದಿನವೇ ಅಂಗಡಿಯವರ ಫೋನಿಗೆ ಕನ್ನಡದಲ್ಲಿ ಒಂದು ಮೆಸೇಜ್ ಹೋಗಲಿ. ತೆರಿಗೆ ಇಷ್ಟೆಂದು ಬರೆಯುವ ಮೊದಲು, ಇದರಲ್ಲಿ ವ್ಯಾಪಾರದ್ದೆಷ್ಟು ಎಂದು ಅವರನ್ನೇ ಕೇಳಲಿ.