ದತ್ತಿಯ ಹೊಲ
ಗಳಿಸುವವರು ಹಲವರು, ಗಳಿಸಿದ್ದನ್ನು ಸಮಾಜದ ಸ್ವತ್ತೆಂದು ಬಗೆದು ಬಿಟ್ಟುಕೊಡುವವರು ವಿರಳ. ಮುಂಬಯಿಯ ಉದ್ಯಮಿ ಸರ್ ದೊರಾಬ್ಜಿ ಟಾಟಾ ಅಂಥವರಲ್ಲೊಬ್ಬರು. 1931ರಲ್ಲಿ ಪತ್ನಿ ಮೆಹರ್‌ಬಾಯಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು, ಮಕ್ಕಳಿರಲಿಲ್ಲ. 1932ರಲ್ಲಿ, ತಾವೂ ಕಣ್ಣುಮುಚ್ಚುವ ಮುನ್ನ, ಮನೆತನದ ವ್ಯಾಪಾರದಲ್ಲಿ ತಮಗಿದ್ದ ಪಾಲನ್ನೂ ಪತ್ನಿಯ ಒಡವೆಗಳನ್ನೂ ಅವರು ಧರ್ಮದತ್ತಿಗೆ ಬರೆದುಕೊಟ್ಟರು. ಜಾತಿ, ಮತಗಳ ಭೇದ ಇಡಲಿಲ್ಲ.

ಆ ದತ್ತಿಯಿಂದ 1941ರಲ್ಲಿ ಮುಂಬಯಿಯಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ ತೆರೆಯಿತು. ಈಗ ಅದು ಕೇಂದ್ರ ಸರ್ಕಾರದ ಆಶ್ರಯದಲ್ಲಿದೆ; ನಮ್ಮ ನಾಡಿನ ರೋಗಿಗಳೂ ಅಲ್ಲಿಗೆ ಹೋಗುತ್ತಾರೆ.

ರಾಶಿಯನ್ನು ಹಂಚಿದರೆ ಒಂದೇ ಸುಗ್ಗಿಗೆ ಮುಗಿಯುತ್ತದೆ. ದೊರಾಬ್ಜಿಯವರು ಹೊಲವನ್ನೇ ಕೊಟ್ಟರು. ಅದರ ಫಲ ವರ್ಷ ವರ್ಷ ಬರುತ್ತಿದೆ. ನಮ್ಮೂರ ದತ್ತಿಗಳನ್ನು ನೋಡಿಕೊಳ್ಳುವ ಹಿರಿಯರಿಗೆ ನಾವು ಹೇಳುವುದಿಷ್ಟೇ: ದತ್ತಿಯ ಹೊಲಕ್ಕೆ ನೀವು ಕಾವಲುಗಾರರು, ಒಡೆಯರಲ್ಲ. ವರ್ಷಕ್ಕೊಮ್ಮೆ ಊರೆದುರು ಲೆಕ್ಕ ಓದಿರಿ. ಕೊಟ್ಟವರ ಪುಣ್ಯ ಉಳಿಯುವುದು ಕಾಯುವವರ ಪ್ರಾಮಾಣಿಕತೆಯಲ್ಲಿ.